ಕಿವುಡರೊಡನೆ ಬೆರೆಯುವುದು ಹೇಗೆ: ಕಿವಿ ಕೇಳುವವರಿಗೆ ಸಮಗ್ರ ಮಾರ್ಗದರ್ಶಿ

ಹಬ್ಬದ ದಿನ ಮನೆಯಲ್ಲಿ ಹತ್ತು ಜನ ಸೇರಿ ಹರಟುತ್ತಿರುತ್ತಾರೆ. ಯಾರೋ ಏನೋ ಅಂದಾಗ ಎಲ್ಲರೂ ಒಟ್ಟಿಗೆ ನಗುತ್ತಾರೆ. ಅಲ್ಲೇ ಕೂತ ಕಿವುಡ ಮಗಳು ಪಕ್ಕದವರ ತೋಳು ಮುಟ್ಟಿ ‘ಏನು?’ ಎಂದು ಕೈಯಲ್ಲೇ ಕೇಳುತ್ತಾಳೆ. ‘ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ’ ಎಂಬ ಉತ್ತರ ಬರುತ್ತದೆ. ಆಮೇಲೆ ಯಾರೂ ಹೇಳುವುದಿಲ್ಲ. ಬೇಕೆಂದು ಮಾಡಿದ್ದಲ್ಲ ನಿಜ, ಆದರೆ ಇಪ್ಪತ್ತು ವರ್ಷ ಹೀಗೇ ನಡೆದರೆ ಆಕೆ ತನ್ನ ಮನೆಯಲ್ಲೇ ಹೊರಗಿನವಳಾಗುತ್ತಾಳೆ.

ಕಿವುಡರು ಬೆಳಗಿನಿಂದ ರಾತ್ರಿಯವರೆಗೆ ತುಟಿ ನೋಡುತ್ತಾರೆ, ಊಹಿಸುತ್ತಾರೆ, ಬರೆದು ತೋರಿಸುತ್ತಾರೆ, ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ. ಮಾತುಕತೆಯ ಶ್ರಮವೆಲ್ಲ ಅವರ ಪಾಲಿಗೇ ಬಿದ್ದಿದೆ. ಅದರಲ್ಲಿ ಅರ್ಧವನ್ನಾದರೂ ಕಿವಿ ಕೇಳುವವರು ಹೊರಬೇಕು. ಹೊರುವುದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇವೆ.

1. ಎದುರಿಗಿರುವವರು ಯಾರು ಎಂದು ತಿಳಿಯಿರಿ

ಕಿವುಡರೆಲ್ಲ ಒಂದೇ ಥರ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ (ಸದ್ದಿನ ಅಳತೆ) ಶ್ರವಣ ನಷ್ಟ ಇರುವವರು ಕಿವುಡರು. 60ರಿಂದ 70 ಡೆಸಿಬಲ್ ನಷ್ಟ ಇರುವವರು ಮಂದಶ್ರವಣದವರು. ಇದು ಸರ್ಟಿಫಿಕೇಟಿನ ಲೆಕ್ಕ. ನಿತ್ಯದ ಬದುಕಿನಲ್ಲಿ ಮುಖ್ಯವಾಗುವ ಸಂಗತಿ ಬೇರೆ: ಅವರು ಯಾವ ವಯಸ್ಸಿನಲ್ಲಿ ಕಿವುಡರಾದರು, ಅವರ ಮೊದಲ ಭಾಷೆ ಯಾವುದು?

ಹುಟ್ಟಿನಿಂದ ಕಿವುಡರಾಗಿ, ಕಿವುಡರ ಶಾಲೆಯಲ್ಲಿ ಓದಿದವರಿಗೆ ಸಾಮಾನ್ಯವಾಗಿ ಸನ್ನೆಯೇ ಸಲೀಸು. ಅರವತ್ತು ದಾಟಿದ ಮೇಲೆ ಕಿವಿ ಮಂದವಾದ ಅಜ್ಜನಿಗೆ ಸನ್ನೆ ಬರುವುದಿಲ್ಲ; ಅವರಿಗೆ ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಸಾಕು, ಇಲ್ಲವೇ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟರೆ ಸಾಕು. ಕಿವಿ ಮಿಷನ್ ಹಾಕಿಕೊಂಡು ಮಾತಾಡುವವರಿದ್ದಾರೆ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಇರುವವರಿದ್ದಾರೆ, ಮಿಷನ್ನೇ ಬೇಡವೆಂದವರೂ ಇದ್ದಾರೆ. ನೋಡಿದೊಡನೆ ಇದನ್ನೆಲ್ಲ ಊಹಿಸಲಾಗದು. ಆದ್ದರಿಂದ ಮೊದಲ ಹೆಜ್ಜೆಯೆಂದರೆ ಕೇಳುವುದು. ಮೊಬೈಲಿನಲ್ಲಿ ಮೂರು ಪದ ಟೈಪ್ ಮಾಡಿ ತೋರಿಸಿ: ‘ಸನ್ನೆ? ಬರವಣಿಗೆ? ಮಾತು?’ ಅವರು ಬೆರಳಿಟ್ಟು ತೋರಿಸಿದ ದಾರಿಯನ್ನೇ ಹಿಡಿಯಿರಿ.

ಮೈಸೂರಿನವರು ಕಿವುಡರನ್ನು ಕಂಡೇ ಇಲ್ಲ ಎನ್ನುವ ಹಾಗಿಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ತಿಲಕ್ ನಗರದ ಸರ್ಕಾರಿ ಶಾಲೆ ನೂರು ವರ್ಷ ದಾಟಿದೆ. ವಿಕಲಚೇತನರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಬೇರೆ ಬೇರೆ ಜಿಲ್ಲೆಗಳಿಂದ ಓದಲು ಬಂದ ಕಿವುಡ ಹುಡುಗ ಹುಡುಗಿಯರು ಸಂಜೆ ಬಸ್ ನಿಲ್ದಾಣದಲ್ಲಿ ಗುಂಪಾಗಿ ಸನ್ನೆಯಲ್ಲಿ ಮಾತಾಡುವುದನ್ನು ಇಲ್ಲಿನವರು ನೋಡಿಯೇ ಇರುತ್ತಾರೆ. ಅವರನ್ನು ದಿಟ್ಟಿಸಿ ನೋಡುತ್ತಾ ನಿಲ್ಲಬೇಡಿ, ಕೇಳದೆ ವಿಡಿಯೋ ತೆಗೆಯಬೇಡಿ. ಅವರು ಆಡುತ್ತಿರುವುದು ಅವರ ಖಾಸಗಿ ಮಾತು.

ಹೆಸರಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇವೆ. ‘ಮೂಗ’, ‘ಕೆಪ್ಪ’ ಎಂದು ಕರೆಯಬೇಡಿ. ಕಿವುಡರಲ್ಲಿ ಹೆಚ್ಚಿನವರಿಗೆ ಗಂಟಲಿನಲ್ಲಿ ಯಾವ ದೋಷವೂ ಇರುವುದಿಲ್ಲ, ಜೊತೆಗೆ ಅವರಿಗೊಂದು ಭಾಷೆಯಿದೆ. ‘ಕಿವುಡರು’ ಎನ್ನಬಹುದು, ಅದರಲ್ಲಿ ಅವಮಾನವಿಲ್ಲ. ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಹೇಳಿ. ಇನ್ನು ಏಕವಚನ. ನಲವತ್ತು ವರ್ಷದ ಗಂಡಸು ಕೌಂಟರಿನ ಮುಂದೆ ನಿಂತಿರುವಾಗ ಅವರ ಜೊತೆ ಬಂದ ತಾಯಿಯನ್ನು ‘ಇವನಿಗೆ ಏನು ಬೇಕಂತೆ?’ ಎಂದು ಕೇಳುವವರಿದ್ದಾರೆ. ಆ ಮಾತು ಕಿವಿಗೆ ಬೀಳದಿದ್ದರೂ ಕೇಳಿದವರ ಮುಖ ನೋಡಿದವರಿಗೆ ಎಲ್ಲ ತಿಳಿಯುತ್ತದೆ. ಅವರ ಕಡೆಗೇ ತಿರುಗಿ, ಅವರನ್ನೇ ಕೇಳಿ.

2. ಗಮನ ಸೆಳೆಯುವುದು

ಹಿಂದಿನಿಂದ ಕೂಗಿ ಪ್ರಯೋಜನವಿಲ್ಲ. ಹತ್ತಿರವಿದ್ದರೆ ಭುಜವನ್ನು ಅಥವಾ ಮೇಲ್ತೋಳನ್ನು ಎರಡು ಬಾರಿ ಹಗುರವಾಗಿ ತಟ್ಟಿ. ಬೆನ್ನು, ತಲೆ, ಮುಖ ಬೇಡ. ಕೆನ್ನೆ ಹಿಡಿದು ತಮ್ಮ ಕಡೆ ತಿರುಗಿಸಿಕೊಳ್ಳುವ ಅಭ್ಯಾಸ ಕೆಲವು ಮನೆಗಳಲ್ಲಿದೆ, ದಯವಿಟ್ಟು ಬಿಡಿ. ದೂರವಿದ್ದರೆ ಅವರ ಕಣ್ಣಿನ ಅಂಚಿಗೆ ಬೀಳುವಂತೆ ಕೈ ಬೀಸಿ. ಕೋಣೆಯೊಳಗೆ ಇದ್ದರೆ ಲೈಟಿನ ಸ್ವಿಚ್ಚನ್ನು ಒಂದೆರಡು ಬಾರಿ ಹಾಕಿ ಆರಿಸಿ. ಹತ್ತು ಸಲ ಮಾಡಿದರೆ ಏನೋ ಅನಾಹುತವಾಗಿದೆ ಅಂದುಕೊಳ್ಳುತ್ತಾರೆ. ಮರದ ಅಟ್ಟವಿದ್ದ ಕಡೆ ಕಾಲಿನಿಂದ ನೆಲ ತಟ್ಟಿದರೆ ಅದುರು ತಿಳಿಯುತ್ತದೆ, ನಮ್ಮ ಮೊಸಾಯಿಕ್, ಗ್ರಾನೈಟ್ ನೆಲಗಳಲ್ಲಿ ತಿಳಿಯುವುದಿಲ್ಲ. ಅಲ್ಲಿ ಅವರು ಕೈಯೂರಿದ ಮೇಜನ್ನು ತಟ್ಟಿ.

ಕಾಗದದ ಉಂಡೆ ಎಸೆಯುವುದು, ಚಿಟಿಕೆ ಹೊಡೆಯುವುದು ಬೇಡವೇ ಬೇಡ.

ಇಬ್ಬರು ಸನ್ನೆಯಲ್ಲಿ ಮಾತಾಡುತ್ತಾ ದಾರಿಗೆ ಅಡ್ಡವಾಗಿ ನಿಂತಿದ್ದರೆ ಬಗ್ಗಿ, ತಡೆದು, ಅನುಮತಿ ಕೇಳುತ್ತಾ ನಿಲ್ಲಬೇಕಾಗಿಲ್ಲ. ನಡುವಿನಿಂದ ಸುಮ್ಮನೆ ಬೇಗ ದಾಟಿ ಹೋಗಿ. ಅಲ್ಲೇ ನಿಂತು ‘ಸಾರಿ ಸಾರಿ’ ಎಂದರೆ ಅವರ ಮಾತು ಇನ್ನೂ ಹೆಚ್ಚು ಹೊತ್ತು ಕಡಿದುಹೋಗುತ್ತದೆ.

3. ಬೆಳಕು, ದೂರ, ತುಟಿ

ಎದುರಿಗೆ, ಒಂದೇ ಎತ್ತರದಲ್ಲಿ, ನಾಲ್ಕರಿಂದ ಆರು ಅಡಿ ದೂರದಲ್ಲಿ ಇರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖ ಕಪ್ಪು ನೆರಳಾಗಿ ಕಾಣುತ್ತದೆ. ಮಾತಿನ ನಡುವೆ ಕರೆಂಟ್ ಹೋದರೆ ಮೊಬೈಲಿನ ಟಾರ್ಚನ್ನು ನಿಮ್ಮ ಮುಖ ಮತ್ತು ಕೈಗಳ ಮೇಲೆ ಹಿಡಿಯಿರಿ, ಅವರ ಕಣ್ಣಿಗೆ ಹಿಡಿಯಬೇಡಿ. ಎಲೆ ಅಡಿಕೆ ಜಗಿಯುತ್ತಾ, ಬಾಯಿಗೆ ಕೈ ಅಡ್ಡ ಹಿಡಿದು, ತಲೆ ತಗ್ಗಿಸಿ ಫೈಲು ನೋಡುತ್ತಾ ಮಾತಾಡಬೇಡಿ.

ಕಿರುಚಬಾರದು. ಕಿರುಚಿದಾಗ ತುಟಿಯ ಆಕಾರ ಕೆಡುತ್ತದೆ, ಮುಖ ಕೋಪಗೊಂಡಂತೆ ಕಾಣುತ್ತದೆ. ಕಿವಿ ಮಿಷನ್ ಹಾಕಿದವರಿಗಂತೂ ಕಿರುಚಾಟ ನೋವು ಕೊಡುತ್ತದೆ. ಮಿಷನ್ ಸದ್ದನ್ನು ದೊಡ್ಡದು ಮಾಡುತ್ತದೆ, ಸ್ಪಷ್ಟ ಮಾಡುವುದು ಅದರ ಮಿತಿಯಲ್ಲಿ ಮಾತ್ರ. ನಿಮ್ಮ ಮಾತಿನ ಜೊತೆಗೆ ಫ್ಯಾನು, ಮಿಕ್ಸಿ, ರಸ್ತೆಯ ಹಾರ್ನ್ ಎಲ್ಲವೂ ದೊಡ್ಡದಾಗಿಯೇ ಬರುತ್ತವೆ. ಟಿವಿ ಆರಿಸಿ, ಮೂರು ನಾಲ್ಕು ಅಡಿಯಷ್ಟು ಹತ್ತಿರಕ್ಕೆ ಬನ್ನಿ, ಎಂದಿನ ದನಿಯಲ್ಲಿ ಸ್ವಲ್ಪ ನಿಧಾನವಾಗಿ ಹೇಳಿ. ಒಂದೊಂದು ಅಕ್ಷರವನ್ನೂ ಜಗ್ಗಿ ಎಳೆಯುವುದು ಬೇಡ.

‘ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ’ ಎಂಬುದು ಬಹಳ ಜನರ ನಂಬಿಕೆ. ಅದು ತಪ್ಪು. ಕನ್ನಡದಲ್ಲೇ ಪರೀಕ್ಷಿಸಿ ನೋಡಿ: ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ‘ಮಳೆ’ ಎನ್ನಿ, ಆಮೇಲೆ ‘ಬಳೆ’ ಎನ್ನಿ. ಎರಡೂ ಒಂದೇ. ‘ಮರ’, ‘ಬರ’ ಒಂದೇ. ‘ಮಾವ’, ‘ಭಾವ’ ಕೂಡ ಒಂದೇ, ಸಂಸಾರದಲ್ಲಿ ಇದರಿಂದ ಎಷ್ಟು ಗೊಂದಲವಾಗಬಹುದೆಂದು ಯೋಚಿಸಿ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸವಿರುವುದು ಗಂಟಲಿನಲ್ಲಿ ಮತ್ತು ಮೂಗಿನಲ್ಲಿ. ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹ ಹುಟ್ಟುವುದು ಗಂಟಲಿನಲ್ಲಿ, ಅವು ಹೊರಗೆ ಕಾಣುವುದೇ ಇಲ್ಲ. ಹಾಗಾಗಿ ‘ಹಾಲು’, ‘ಕಾಲು’ ಬೇರೆ ಮಾಡಲಾಗದು. ತುಟಿಯಲ್ಲಿ ಕಾಣುವುದು ಮಾತಿನ ಅರ್ಧಕ್ಕಿಂತ ಕಡಿಮೆ, ಉಳಿದದ್ದನ್ನು ಸಂದರ್ಭ ನೋಡಿ ತುಂಬಿಕೊಳ್ಳಬೇಕು. ಅರ್ಧ ಗಂಟೆ ಹೀಗೆ ನೋಡಿದರೆ ಕಣ್ಣೂ ತಲೆಯೂ ಸೋಲುತ್ತವೆ.

ಆದ್ದರಿಂದ ಮೊದಲು ವಿಷಯ ಹೇಳಿ, ಆಮೇಲೆ ವಿವರ ಹೇಳಿ. ‘ಕರೆಂಟ್ ಬಿಲ್ ವಿಷಯ’ ಎಂದು ಶುರು ಮಾಡಿದರೆ ಮುಂದಿನ ಪದಗಳನ್ನು ಊಹಿಸುವುದು ಸುಲಭ. ತಿಳಿಯಲಿಲ್ಲವೆಂದರೆ ಅದೇ ವಾಕ್ಯವನ್ನು ಮೂರನೆಯ ಸಲ ಹೇಳುವ ಬದಲು ಬೇರೆ ಪದ ಬಳಸಿ. ಹೆಸರು, ದಿನಾಂಕ, ಸಮಯ, ಹಣದ ಮೊತ್ತ, ವಿಳಾಸ ಈ ಐದನ್ನು ಎಂದೂ ತುಟಿಗೆ ಬಿಡಬೇಡಿ, ಬರೆದೇ ತೋರಿಸಿ.

ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯಿತು ಎಂದುಕೊಳ್ಳಬೇಡಿ. ಮತ್ತೆ ಮತ್ತೆ ಕೇಳಿ ಬೈಸಿಕೊಂಡವರು ಸುಮ್ಮನೆ ಹೂಂಗುಡುವುದನ್ನು ಕಲಿತಿರುತ್ತಾರೆ. ‘ಗೊತ್ತಾಯ್ತಾ?’ ಎಂದು ಕೇಳುವುದಕ್ಕಿಂತ ‘ನಾಳೆ ಎಷ್ಟು ಗಂಟೆಗೆ ಬರ್ತೀರಿ?’ ಎಂದು ಕೇಳಿದರೆ ನಿಜ ತಿಳಿಯುತ್ತದೆ.

4. ಬರೆದು ಹೇಳುವುದು

‘ಕನ್ನಡ ಓದಲು ಬರುತ್ತದಲ್ಲ, ಬರೆದುಕೊಟ್ಟರೆ ಆಯಿತು’ ಎಂದು ಮುಗಿಸುವ ಹಾಗಿಲ್ಲ. ಕನ್ನಡವನ್ನು ಒಂದು ದಿನವೂ ಕೇಳದವರಿಗೆ ಅದು ಪುಸ್ತಕದಿಂದ ಕಲಿತ ಎರಡನೆಯ ಭಾಷೆ. ನಮ್ಮ ಕ್ರಿಯಾಪದಗಳು ಬಾಲದ ಮೇಲೆ ಬಾಲ ಸೇರಿಸಿಕೊಳ್ಳುತ್ತವೆ, ಕೇಳಿ ಬೆಳೆದವರಿಗೆ ಅದರ ಭಾರ ಗೊತ್ತಾಗುವುದಿಲ್ಲ. ಕೆಲವರು ಕನ್ನಡವನ್ನು ಲೀಲಾಜಾಲವಾಗಿ ಓದುತ್ತಾರೆ, ಕೆಲವರಿಗೆ ಕಷ್ಟ. ಇದು ಬುದ್ಧಿಯ ಮಾತಲ್ಲ, ಶಾಲೆಯಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಪಾಠ ಸಿಕ್ಕಿತೇ ಇಲ್ಲವೇ ಎಂಬುದರ ಮಾತು.

ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬರು ಹೀಗೆ ಬರೆದುಕೊಟ್ಟರೆನ್ನಿ: ‘ನಾಳೆ ಹತ್ತು ಗಂಟೆಯೊಳಗೆ ಬರದೇ ಹೋದಲ್ಲಿ ಡಾಕ್ಟರು ಸಿಗದಿರುವ ಸಾಧ್ಯತೆ ಇರುವುದರಿಂದ ಮುಂಚಿತವಾಗಿ ಬರತಕ್ಕದ್ದು.’ ಇದರಲ್ಲಿ ಎರಡು ‘ಇಲ್ಲ’ ಅಡಗಿವೆ, ಒಂದು ‘ಹೋದಲ್ಲಿ’ ಇದೆ. ಹೋಗಬೇಕೋ ಬರಬೇಕೋ ಎಂಬಲ್ಲೇ ಗೊಂದಲ ಶುರುವಾಗುತ್ತದೆ. ಇದನ್ನೇ ಹೀಗೆ ಬರೆಯಿರಿ:

ನಾಳೆ ಬುಧವಾರ.
ನೀವು ಬೆಳಿಗ್ಗೆ 9:30ಕ್ಕೆ ಬನ್ನಿ.
ಡಾಕ್ಟರ್ 10:00ಕ್ಕೆ ಹೋಗುತ್ತಾರೆ.
ರೂಮ್ ನಂಬರ್ 12.

ಒಂದು ಸಾಲಿಗೆ ಒಂದೇ ವಿಷಯ. ‘ಇಲ್ಲದಿಲ್ಲ’ದಂಥ ಜೋಡಿ ನಕಾರ ಬೇಡ. ಗಾದೆ ಮಾತು ಬೇಡ. ಅಂಕಿಗಳನ್ನು ಅಂಕಿಯಲ್ಲೇ ಬರೆಯಿರಿ. ಜಾಗ ತೋರಿಸಬೇಕಾದರೆ ಗೆರೆ ಎಳೆದು ನಕ್ಷೆ ಮಾಡಿ, ಅಥವಾ ಮ್ಯಾಪಿನಲ್ಲಿ ಲೊಕೇಶನ್ ಕಳಿಸಿ.

ಮೊಬೈಲಿನಲ್ಲಿ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಕನ್ನಡಕ್ಕೂ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಲೈವ್ ಟ್ರಾನ್ಸ್‌ಕ್ರೈಬ್’ ಆಪ್ ತೆರೆದು ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡು, ಫೋನನ್ನು ನಿಮ್ಮ ಬಾಯಿಯಿಂದ ಒಂದು ಅಡಿ ದೂರದಲ್ಲಿ, ಪರದೆ ಅವರ ಕಡೆಗಿರುವಂತೆ ಹಿಡಿಯಿರಿ. ಗದ್ದಲದ ಜಾಗದಲ್ಲಿ, ಇಬ್ಬರು ಒಟ್ಟಿಗೆ ಮಾತಾಡಿದಾಗ, ‘ಓಯ್ತಾ ಇವ್ನಿ’, ‘ಬತ್ತೀನಿ’ ಎನ್ನುವ ನಮ್ಮ ಆಡುಮಾತಿನಲ್ಲಿ ತಪ್ಪುಗಳು ಜಾಸ್ತಿ. ಆ ಹೊತ್ತಿಗೆ ಸ್ವಲ್ಪ ಶಾಲೆಯ ಕನ್ನಡದಲ್ಲೇ ಮಾತಾಡಿ, ಪರದೆಯ ಮೇಲೆ ಬಂದದ್ದನ್ನು ನೀವೂ ಓದುತ್ತಿರಿ. ಮನುಷ್ಯರ ಹೆಸರು, ಊರ ಹೆಸರು, ಔಷಧದ ಹೆಸರು ಬಂದಾಗ ನಿಲ್ಲಿಸಿ ಕೈಯಲ್ಲಿ ಟೈಪ್ ಮಾಡಿ.

ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಬೇಡಿ. ಇದನ್ನು ಎಷ್ಟು ಹೇಳಿದರೂ ಸಾಲದು. ಮನೆಯ ಗುಂಪು, ಕಚೇರಿಯ ಗುಂಪು, ಬೀದಿಯವರ ಗುಂಪು ಯಾವುದೇ ಇರಲಿ, ಒಬ್ಬರು ಕಿವುಡರಿದ್ದರೂ ಎಲ್ಲರೂ ಅಕ್ಷರದಲ್ಲೇ ಬರೆಯಬೇಕು. ಸನ್ನೆ ಬಲ್ಲವರು ವಿಡಿಯೋ ಕಳಿಸಬಹುದು. ಪಾರ್ಸೆಲ್ ತರುವವರು, ಗ್ಯಾಸ್ ತರುವವರು ‘ಕರೆ ಮಾಡಬೇಡಿ, ಮೆಸೇಜ್ ಮಾಡಿ’ ಎಂಬ ಸೂಚನೆ ಕಂಡರೆ ಹಾಗೇ ಮಾಡಲಿ.

5. ಸನ್ನೆ ಕಲಿಯುವುದು

ಭಾರತೀಯ ಸಂಜ್ಞಾ ಭಾಷೆ ಒಂದು ಪೂರ್ಣ ಭಾಷೆ. ಅದು ಕನ್ನಡವನ್ನು ಕೈಯಲ್ಲಿ ಬರೆದದ್ದಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಅದರ ವ್ಯಾಕರಣದ ದೊಡ್ಡ ಪಾಲು ಮುಖದಲ್ಲಿದೆ: ಹುಬ್ಬು, ಕಣ್ಣು, ತಲೆಯ ಚಲನೆ. ಪ್ರಶ್ನೆಯ ಪದ ಕೊನೆಗೆ ಬರುತ್ತದೆ: ‘ನೀವು ಹೋಗುವುದು ಎಲ್ಲಿ’ ಎನ್ನುವ ಕ್ರಮ. ಮುಖವನ್ನು ಕಲ್ಲಿನಂತೆ ಇಟ್ಟುಕೊಂಡು ಕೈ ಮಾತ್ರ ಆಡಿಸಿದರೆ ಪ್ರಶ್ನೆಯೋ ಉತ್ತರವೋ ತಿಳಿಯುವುದಿಲ್ಲ. ಕಲಿಯುವವರು ಮೊದಲು ಎಡವುವುದು ಇಲ್ಲೇ, ನಾಚಿಕೆಯಿಂದ.

ಹೊಸಬರು ಹೀಗೆ ಶುರು ಮಾಡಬಹುದು. ಮೊದಲ ವಾರ ಬೆರಳಕ್ಷರ. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈಯಿಂದ ತೋರಿಸುತ್ತಾರೆ. ಸ್ವರಗಳಿಗೆ ಒಂದು ಕೈಯ ತೋರುಬೆರಳಿನಿಂದ ಇನ್ನೊಂದು ಕೈಯ ಬೆರಳ ತುದಿಗಳನ್ನು ಕ್ರಮವಾಗಿ ಮುಟ್ಟುತ್ತಾರೆ, ‘ಎ’ ಹೆಬ್ಬೆರಳು, ‘ಇ’ ತೋರುಬೆರಳು, ಹೀಗೆ ‘ಯು’ ಕಿರುಬೆರಳಿನವರೆಗೆ. ನಿಮ್ಮ ಹೆಸರನ್ನು ತಡವರಿಸದೆ ತೋರಿಸುವಷ್ಟು ಅಭ್ಯಾಸವಾಗಲಿ. ಎರಡನೆಯ ವಾರ ಊಟ, ನೀರು, ಕಾಫಿ, ನೋವು, ಬಸ್, ನಾಳೆ, ನಿನ್ನೆ, ಎಷ್ಟು, ಎಲ್ಲಿ, ಯಾರು, ಗೊತ್ತಿಲ್ಲ, ಮತ್ತೊಮ್ಮೆ, ನಿಧಾನ. ಮೂರನೆಯ ವಾರದಿಂದ ಕಿವುಡರ ಜೊತೆಯೇ ಮಾತು. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಆಗಬೇಕು.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು. ಯೂಟ್ಯೂಬಿನಲ್ಲಿ ಉಚಿತವಾಗಿ ನೋಡಬಹುದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಟಿವಿ ಯೋಜನೆಯಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಸಂಜ್ಞಾ ಭಾಷೆಗೆಂದೇ ಆರಂಭವಾಯಿತು. ಇವು ನೆರವಿಗೆ ಮಾತ್ರ. ಕಲಿಸುವವರು ಕಿವುಡರೇ ಆಗಿದ್ದರೆ ಚೆನ್ನ, ಅವರ ಪಾಠಕ್ಕೆ ಹಣ ಕೊಡುವುದು ನ್ಯಾಯ. ಒಂದು ಊರಿನ ಸನ್ನೆ ಇನ್ನೊಂದು ಊರಿನಲ್ಲಿ ತುಸು ಬೇರೆಯಿರಬಹುದು. ನಿಘಂಟಿನದೂ ನಿಮ್ಮ ಗೆಳೆಯರದೂ ಬೇರೆಯಾದರೆ ಗೆಳೆಯರದನ್ನೇ ಬಳಸಿ. ನಿಮ್ಮಷ್ಟಕ್ಕೆ ನೀವೇ ಸನ್ನೆ ಕಟ್ಟಬೇಡಿ. ನಿಮಗೊಂದು ಸನ್ನೆ ಹೆಸರು, ಅಂದರೆ ನಿಮ್ಮನ್ನು ಗುರುತಿಸುವ ಒಂದು ಸನ್ನೆ, ಇಡುವ ಹಕ್ಕೂ ಕಿವುಡರದ್ದೇ. ಅವರಾಗಿ ಕೊಡುವವರೆಗೆ ಬೆರಳಕ್ಷರದಲ್ಲೇ ಹೆಸರು ಹೇಳಿಕೊಳ್ಳಿ.

ಎರಡು ವಾರ ಕಲಿತು ‘ನಾನೇ ದುಭಾಷಿ’ ಎಂದು ಹೊರಡಬೇಡಿ. ಪೊಲೀಸ್ ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಅರೆಬರೆ ಸನ್ನೆ ಅಪಾಯ.

6. ಮನೆಯಲ್ಲಿ, ಪಂಕ್ತಿಯಲ್ಲಿ

ನಮ್ಮ ಊಟದ ಪಂಕ್ತಿ ಕಿವುಡರಿಗೆ ಅನುಕೂಲವಾಗಿಲ್ಲ. ಸಾಲಾಗಿ ಪಕ್ಕಪಕ್ಕ ಕೂತರೆ ಯಾರ ಮುಖವೂ ಕಾಣುವುದಿಲ್ಲ, ಬಲಗೈಯಂತೂ ಎಲೆಯ ಮೇಲಿರುತ್ತದೆ. ಎದುರುಬದುರು ಎರಡು ಸಾಲು ಹಾಕಿದ ಕಡೆ ಅವರಿಗೆ ಬೇಕಾದವರನ್ನು ಸರಿಯಾಗಿ ಎದುರಿಗೆ ಕೂರಿಸಿ. ಮದುವೆ ಮನೆಯಾದರೆ ಸಾಲಿನ ತುದಿ ಬೇಡ, ನಡುವೆ ಕೂರಿಸಿ. ಬಡಿಸುವವರಿಗೆ ಮೊದಲೇ ಒಂದು ಮಾತು ಹೇಳಿಡಿ: ಹಿಂದಿನಿಂದ ಕೂಗಬೇಡಿ, ಪಾತ್ರೆಯನ್ನು ಎಲೆಯ ಮುಂದೆ ತೋರಿಸಿ, ಅವರು ಕೈ ಅಡ್ಡ ಹಿಡಿದರೆ ಸಾಕೆಂದು ಅರ್ಥ. ಮನೆಯಲ್ಲಿ ಗುಂಡಗೆ ಕೂರುವುದು ಎಲ್ಲಕ್ಕಿಂತ ಒಳ್ಳೆಯದು.

ಹರಟೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಮಾತು ಶುರು ಮಾಡುವವರು ಕೈ ಎತ್ತಲಿ, ಯಾರನ್ನು ನೋಡಬೇಕೆಂದು ಕಿವುಡರಿಗೆ ತಿಳಿಯುತ್ತದೆ. ವಿಷಯ ಬದಲಾದಾಗ ಪಕ್ಕದವರು ಒಂದೇ ಪದ ಸನ್ನೆ ಮಾಡಲಿ ಅಥವಾ ಬರೆಯಲಿ: ‘ಮದುವೆ’, ‘ಮನೆ ಬಾಡಿಗೆ’, ‘ಕ್ರಿಕೆಟ್’. ನಗು ಬಂದರೆ ಕಾರಣವನ್ನು ಆಗಲೇ ಹೇಳಿ. ‘ಆಮೇಲೆ ಹೇಳ್ತೀನಿ’ ಎಂಬ ಮಾತನ್ನು ಮನೆಯಿಂದಲೇ ಓಡಿಸಿ. ಸಾವು, ಜಗಳ, ಸಾಲ, ಆಸ್ತಿಯ ಸುದ್ದಿಗಳಲ್ಲೂ ಹೀಗೇ. ‘ಅವಳಿಗೆ ಯಾಕೆ ಹೇಳೋದು, ಗೊತ್ತಾಗಲ್ಲ’ ಎಂದು ಬಚ್ಚಿಟ್ಟರೆ ಆಕೆಗೆ ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಕೆಟ್ಟದಾಗಿ ತಿಳಿಯುತ್ತದೆ.

ಬಾಗಿಲ ಬೆಲ್ಲಿಗೆ ಬೆಳಕು ಸೇರಿಸುವುದು ಸಣ್ಣ ಕೆಲಸ. ಎಲೆಕ್ಟ್ರಿಷಿಯನ್‌ಗೆ ಹೇಳಿ, ಬೆಲ್ಲಿಗೆ ಸಮಾನಾಂತರವಾಗಿ ಒಂದು ಎಲ್‌ಇಡಿ ಬಲ್ಬ್ ಹಾಕಿಸಿ. ಬೆಲ್ ಒತ್ತಿದಷ್ಟು ಹೊತ್ತು ಅದು ಉರಿಯುತ್ತದೆ. ಅಡುಗೆಮನೆಯಲ್ಲೂ ಮಲಗುವ ಕೋಣೆಯಲ್ಲೂ ಕಣ್ಣಿಗೆ ಬೀಳುವ ಎತ್ತರದಲ್ಲಿ ಒಂದೊಂದಿರಲಿ. ಅಲಾರಂಗೆ ವೈಬ್ರೇಟ್ ಆಗುವ ಕೈಗಡಿಯಾರ, ಇಲ್ಲವೇ ದಿಂಬಿನ ಕೆಳಗೆ ಫೋನ್. ಕುಕ್ಕರಿನ ವಿಷಲ್ ಎಣಿಸಲಾಗದು, ಅಲ್ಲಿ ನಿಮಿಷದ ಲೆಕ್ಕವೇ ಸರಿ.

ಮನೆಯಲ್ಲಿ ಕಿವುಡ ಮಗು ಹುಟ್ಟಿದ್ದರೆ ಕಾಲ ಕಳೆಯಬೇಡಿ. ‘ಮಾವನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು’ ಎನ್ನುವ ಸಮಾಧಾನದಲ್ಲಿ ವರ್ಷಗಳೇ ಹೋಗಿಬಿಡುತ್ತವೆ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು ಎಂಬುದು ಜಗತ್ತಿನಾದ್ಯಂತ ಒಪ್ಪಿದ ಲೆಕ್ಕ. ಮೊದಲ ತಪಾಸಣೆಗೆ ಮಲಗಿದ ಮಗುವಿನ ಕಿವಿಗೆ ಪುಟ್ಟ ತುದಿಯೊಂದನ್ನು ಇಡುತ್ತಾರೆ, ಕೆಲವೇ ನಿಮಿಷ, ನೋವಿಲ್ಲ. ಮೈಸೂರು ಮಂಡ್ಯದವರಿಗೆ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಮಿಷನ್ ಹಾಕಿಸಿ, ತರಬೇತಿ ಕೊಡಿಸಿ, ಅದರ ಜೊತೆಗೇ ಸನ್ನೆಯನ್ನೂ ಶುರು ಮಾಡಿ. ‘ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ’ ಎಂಬ ಭಯದಿಂದ ಐದು ವರ್ಷ ಭಾಷೆಯೇ ಇಲ್ಲದೆ ಬೆಳೆದ ಮಗುವಿಗೆ ಆಮೇಲೆ ಯಾವ ಭಾಷೆಯೂ ಪೂರ್ತಿ ಹತ್ತುವುದು ಕಷ್ಟ. ಕಣ್ಣಿಗೆ ಕಾಣುವ ಭಾಷೆ ಮೊದಲ ದಿನದಿಂದ ಸಿಗಲಿ. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲರೂ ಕಲಿಯಬೇಕು. ಅಮ್ಮನೊಬ್ಬಳೇ ಕಲಿತರೆ ಜೀವಮಾನವಿಡೀ ಅವಳೇ ದುಭಾಷಿಯಾಗಬೇಕಾಗುತ್ತದೆ.

7. ಆಸ್ಪತ್ರೆಯಲ್ಲಿ

ಇಲ್ಲಿ ತಪ್ಪಾದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ವಿವರವಾಗಿ.

ಚೀಟಿಯ ಮೇಲೆ, ಕೇಸ್ ಶೀಟಿನ ಮೇಲೆ ದಪ್ಪಗೆ ‘ಕಿವುಡರು, ಸನ್ನೆ ಬಳಸುತ್ತಾರೆ’ ಎಂದು ಬರೆಯಿರಿ. ಇಲ್ಲದಿದ್ದರೆ ಹೆಸರು ಕೂಗಿ, ಬರಲಿಲ್ಲವೆಂದು ಮುಂದಿನವರನ್ನು ಕರೆದುಬಿಡುತ್ತಾರೆ. ಸರದಿ ಬಂದಾಗ ಎದ್ದು ಹೋಗಿ ಭುಜ ತಟ್ಟಿ ಕರೆಯಿರಿ. ಮಾತಾಡುವಾಗ ಮಾಸ್ಕ್ ಇಳಿಸಿ, ಇಳಿಸಲಾಗದಿದ್ದರೆ ಬರೆಯಿರಿ.

ಡ್ರಿಪ್ ಸೂಜಿಯನ್ನು ಅವರು ಹೆಚ್ಚಾಗಿ ಬಳಸದ ಕೈಗೆ, ಸಾಧ್ಯವಾದರೆ ಅಂಗೈಯ ಹಿಂಬದಿಗಲ್ಲದೆ ಮೊಣಕೈ ಕೆಳಗಿನ ಭಾಗಕ್ಕೆ ಹಾಕಿ. ಸನ್ನೆ ಮಾಡುವವರ ಕೈ ಕಟ್ಟಿಹಾಕುವುದೂ ಮಾತಾಡುವವರ ಬಾಯಿಗೆ ಬಟ್ಟೆ ಕಟ್ಟುವುದೂ ಒಂದೇ. ಎಕ್ಸ್‌ರೇ, ಸ್ಕ್ಯಾನ್ ಕೋಣೆಯಲ್ಲಿ ‘ಉಸಿರು ಹಿಡ್ಕೊಳ್ಳಿ’ ಎಂದು ಸ್ಪೀಕರಿನಲ್ಲಿ ಹೇಳಿದರೆ ತಲುಪುವುದಿಲ್ಲ. ಒಳಗೆ ಕಳಿಸುವ ಮುಂಚೆಯೇ ಸಂಕೇತ ಮಾಡಿಕೊಳ್ಳಿ. ಕಿಟಕಿಯಾಚೆಯಿಂದ ಕೈ ಎತ್ತಿದರೆ ಉಸಿರು ಹಿಡಿಯುವುದು, ಇಳಿಸಿದರೆ ಬಿಡುವುದು. ಎರಡು ಸಲ ಅಭ್ಯಾಸ ಮಾಡಿಸಿ. ಎಂಆರ್‌ಐಗೆ ಕಿವಿ ಮಿಷನ್ ತೆಗೆಸಬೇಕು, ಅಂದರೆ ತೆಗೆಸುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿರಬೇಕು. ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಒಳಗೆ ಅಯಸ್ಕಾಂತವಿರುತ್ತದೆ. ತಜ್ಞರನ್ನು ಕೇಳದೆ ಎಂಆರ್‌ಐ ಕೋಣೆಗೆ ಬಿಡಬೇಡಿ. ಕಣ್ಣಿನ ಆಪರೇಷನ್ನಿನ ನಂತರ ಎರಡೂ ಕಣ್ಣು ಮುಚ್ಚಬೇಕಾದರೆ ಅಂಗೈಯಲ್ಲಿ ಬರೆಯುವ, ಮುಟ್ಟಿ ತಿಳಿಸುವ ಕ್ರಮವನ್ನು ಮೊದಲೇ ಒಪ್ಪಿಕೊಳ್ಳಿ.

ರೋಗದ ವಿಷಯವನ್ನು ಮನೆಯವರಿಗೆ ಹೇಳಿ ಕಳಿಸಬೇಡಿ. ಹತ್ತು ವರ್ಷದ ಮಗಳ ಕೈಯಲ್ಲಿ ಅಮ್ಮನಿಗೆ ಗರ್ಭಕೋಶದ ಗಡ್ಡೆಯ ಸಂಗತಿ ಹೇಳಿಸುವುದು ಇಬ್ಬರಿಗೂ ಮಾಡುವ ಅನ್ಯಾಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ದುಭಾಷಿ ಬೇಕು. ತಕ್ಷಣ ಸಿಗದಿದ್ದರೆ ವಿಡಿಯೋ ಕರೆಯಲ್ಲಾದರೂ ಬೇಕು. ಮಾತ್ರೆಗಳ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆದು ಬೆಳಿಗ್ಗೆ, ರಾತ್ರಿ, ಊಟದ ಮುಂಚೆ, ಊಟದ ನಂತರ ಎಂದು ಗುರುತು ಹಾಕಿಕೊಡಿ.

8. ದುಭಾಷಿಯ ಜೊತೆ ಕಾರ್ಯಕ್ರಮ ಮಾಡುವುದು

ದುಭಾಷಿಯನ್ನು ಮೂರು ನಾಲ್ಕು ವಾರ ಮೊದಲೇ ಗೊತ್ತು ಮಾಡಿ. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಎರಡು ವರ್ಷದ ಡಿಪ್ಲೊಮಾ ಇದೆ. ಅಂಥ ತರಬೇತಿ ಪಡೆದವರನ್ನು ಹುಡುಕಿ, ಕಿವುಡರು ಒಪ್ಪಿದವರನ್ನೇ ಕರೆಯಿರಿ. ಒಂದು ಗಂಟೆ ಮೀರಿದ ಕಾರ್ಯಕ್ರಮಕ್ಕೆ ಇಬ್ಬರು ಬೇಕೇಬೇಕು. ಕೇಳುತ್ತಲೇ ಇನ್ನೊಂದು ಭಾಷೆಗೆ ತಿರುಗಿಸುವ ಕೆಲಸದಲ್ಲಿ ಇಪ್ಪತ್ತು ನಿಮಿಷಕ್ಕೆ ಮನಸ್ಸು ದಣಿದು ತಪ್ಪು ಶುರುವಾಗುತ್ತದೆ, ಅದಕ್ಕೇ ಇಬ್ಬರೂ ಸರದಿಯಲ್ಲಿ ಮಾಡುತ್ತಾರೆ. ಸಂಭಾವನೆಯನ್ನು ಮೊದಲೇ ಮಾತಾಡಿ. ‘ಸೇವೆ’ ಎಂದು ಪುಕ್ಕಟೆ ಮಾಡಿಸಬೇಡಿ.

ಎರಡು ದಿನ ಮೊದಲು ಭಾಷಣದ ಪ್ರತಿ, ಅತಿಥಿಗಳ ಹೆಸರು, ಹಾಡುವ ಪದ್ಯಗಳ ಸಾಲು ಎಲ್ಲವನ್ನೂ ಕಳಿಸಿ. ವಚನ, ಜನಪದ ಗೀತೆಗಳನ್ನು ಕೇಳಿದ ಗಳಿಗೆಯಲ್ಲೇ ತಿರುಗಿಸುವುದು ಯಾರಿಗೂ ಆಗದ ಕೆಲಸ.

ವೇದಿಕೆಯಲ್ಲಿ ದುಭಾಷಿ ಭಾಷಣಕಾರರ ಪಕ್ಕದಲ್ಲೇ ನಿಲ್ಲಬೇಕು, ಇಬ್ಬರೂ ಒಂದೇ ನೋಟಕ್ಕೆ ಸಿಗಬೇಕು. ಹಿಂದೆ ಒಂದೇ ಬಣ್ಣದ ಪರದೆ ಇರಲಿ; ಹೂವಿನ ಅಲಂಕಾರ, ಮಿನುಗುವ ಸೀರಿಯಲ್ ಸೆಟ್ ಮುಂದೆ ಕೈಯ ಸನ್ನೆ ಕಳೆದುಹೋಗುತ್ತದೆ. ಸಭಾಂಗಣ ಕತ್ತಲು ಮಾಡಿ ವಿಡಿಯೋ ತೋರಿಸುವಾಗಲೂ ದುಭಾಷಿಯ ಮೇಲೊಂದು ದೀಪ ಉರಿಯುತ್ತಿರಲಿ, ವಿಡಿಯೋಗೆ ಕನ್ನಡ ಸಬ್‌ಟೈಟಲ್ ಇರಲಿ. ಕಿವುಡರಿಗೆ ಮುಂದಿನ ಸಾಲುಗಳನ್ನು, ದುಭಾಷಿ ನಿಂತ ಬದಿಯಲ್ಲೇ ಕಾದಿರಿಸಿ. ಫೋಟೋಗ್ರಾಫರ್ ನಡುವೆ ಬಂದು ನಿಲ್ಲದಂತೆ ಒಬ್ಬರನ್ನು ನೇಮಿಸಿ. ದಸರೆಯ ದಿನಗಳ ಕಾರ್ಯಕ್ರಮಗಳಲ್ಲಿ ಎಲ್ಲ ಸರಿಯಾಗಿ ಮಾಡಿದ ಮೇಲೂ ಕ್ಯಾಮೆರಾದವರ ಬೆನ್ನು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಮಾತಾಡುವಾಗ ಕಿವುಡರನ್ನೇ ನೋಡಿ, ದುಭಾಷಿಯನ್ನಲ್ಲ. ‘ಅವರಿಗೆ ಹೇಳಿ’ ಎನ್ನದೆ ನೇರವಾಗಿ ‘ನೀವು’ ಎನ್ನಿ. ಮಾತು ಅವರಿಗೆ ತಲುಪುವುದು ಕೆಲವು ಕ್ಷಣ ತಡ; ಪ್ರಶ್ನೆ ಇದೆಯೇ ಎಂದು ಕೇಳಿದ ಮೇಲೆ ಹತ್ತು ಎಣಿಸುವಷ್ಟು ಕಾಯಿರಿ. ದುಭಾಷಿಯ ಅಭಿಪ್ರಾಯ ಕೇಳಬೇಡಿ, ಗುಟ್ಟು ಹೇಳಬೇಡಿ. ಕೇಳಿಸಿದ್ದೆಲ್ಲವನ್ನೂ ತಿರುಗಿಸುವುದೇ ಅವರ ಕೆಲಸ. ಚಪ್ಪಾಳೆಗೆ ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ.

9. ಬಸ್ಸು, ಬೀದಿ, ಕಚೇರಿ

ದೇವರಾಜ ಮಾರುಕಟ್ಟೆಯ ಹೂವು ತರಕಾರಿಯವರು ಬೆರಳೆಣಿಸಿ ಬೆಲೆ ಹೇಳುವುದರಲ್ಲಿ ಗಟ್ಟಿಗರು, ಅಲ್ಲಿ ಕಿವುಡರಿಗೆ ವ್ಯಾಪಾರ ಸಲೀಸು. ತೊಂದರೆಯಿರುವುದು ಕೂಗಿ ಕರೆಯುವ ಕಡೆಗಳಲ್ಲಿ. ಟೋಕನ್ ಸಂಖ್ಯೆ ಬೋರ್ಡಿನ ಮೇಲೆ ಕಾಣಬೇಕು. ಬಸ್ ಕೆಟ್ಟು ನಿಂತಾಗ, ಪ್ಲಾಟ್‌ಫಾರಂ ಬದಲಾದಾಗ ಘೋಷಣೆ ಮೈಕಿನಲ್ಲಿ ಬರುತ್ತದೆ. ಪಕ್ಕದಲ್ಲಿ ಕಿವುಡರಿದ್ದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. ರಸ್ತೆಯಲ್ಲಿ ಹಾರ್ನ್ ಮಾಡಿದರೂ ಸರಿಯದವರನ್ನು ಬೈಯುವ ಮುಂಚೆ ನಿಧಾನಿಸಿ. ಸನ್ನೆಯಲ್ಲಿ ಮಾತಾಡುತ್ತಾ ನಡೆಯುವ ಗೆಳೆಯರ ಕಣ್ಣು ನಿಮ್ಮ ಕೈ ಮೇಲಿರುತ್ತದೆ. ಮುಂದೆ ಬರುವ ಕಂಬ, ಕಿತ್ತ ಚಪ್ಪಡಿಯನ್ನು ನೋಡಿಕೊಳ್ಳುವ ಹೊಣೆ ನಿಮ್ಮದು.

ಮಂಡ್ಯದ ಕಡೆ ನಾಲೆಗೆ ನೀರು ಬಿಡುವುದು, ಗ್ರಾಮಸಭೆಯ ದಿನ, ಕೆಆರ್‌ಎಸ್‌ನಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ದಡದ ಊರುಗಳಿಗೆ ಎಚ್ಚರಿಕೆ, ಇವೆಲ್ಲ ಮೈಕಿನ ಕೂಗಿನಲ್ಲೇ ಬಂದರೆ ಕಿವುಡರ ಮನೆಗೆ ಮುಟ್ಟುವುದಿಲ್ಲ. ಪಂಚಾಯಿತಿಯಲ್ಲಿ ಕಿವುಡರ ಮನೆಗಳ ಪಟ್ಟಿ ಇರಬೇಕು, ಪ್ರತಿ ಮನೆಗೂ ಮೆಸೇ‌ಜ್ ಹೋಗಬೇಕು, ನೆರೆಯ ಎಚ್ಚರಿಕೆಗೆ ಒಬ್ಬರು ಖುದ್ದಾಗಿ ಬಾಗಿಲಿಗೆ ಹೋಗಬೇಕು. ಯಾರು ಹೋಗುವುದೆಂದು ಮಳೆಗಾಲಕ್ಕೆ ಮುಂಚೆಯೇ ಹೆಸರು ಬರೆದಿಡಿ.

ಕೆಲಸದ ಜಾಗದಲ್ಲಿ ಮೀಟಿಂಗಿನ ವಿಷಯಗಳನ್ನು ಹಿಂದಿನ ದಿನವೇ ಬರೆದು ಕಳಿಸಿ, ತೀರ್ಮಾನವನ್ನು ಅದೇ ದಿನ ಬರೆದು ಕಳಿಸಿ. ಬೆಂಕಿ ಎಚ್ಚರಿಕೆಗೆ ಸೈರನ್ ಜೊತೆ ಮಿನುಗುವ ದೀಪವಿರಲಿ, ಶೌಚಾಲಯದಲ್ಲೂ ಇರಲಿ. ಕಿವುಡರೆಂದರೆ ಪ್ಯಾಕಿಂಗಿಗೆ ಮಾತ್ರ ಎಂದು ಒಂದೇ ಕಡೆ ಕೂರಿಸದೆ ಅವರ ಕೈಯಲ್ಲಿ ಏನಾಗುತ್ತದೆಂದು ನೋಡಿ ಬಡ್ತಿ ಕೊಡಿ. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಕಿವುಡರಿಗೂ ಮಂದಶ್ರವಣದವರಿಗೂ ಸೇರಿ ಶೇ 1 ಮೀಸಲಿದೆ. ಸಾರ್ವಜನಿಕವಾಗಿ ವಿಕಲಚೇತನರನ್ನು ಬೇಕೆಂದೇ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವಿದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಪಿಂಚಣಿ, ಬಸ್ ಪಾಸುಗಳಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಜೊತೆಗೆ ಹೋದರೆ ಕೌಂಟರಿನಲ್ಲಿ ನೀವೇ ಮಾತಾಡಿ ಮುಗಿಸಬೇಡಿ, ಅವರು ಬರೆದ ಚೀಟಿಯನ್ನು ಅವರೇ ಕೊಡಲಿ, ಉತ್ತರವನ್ನು ಅವರಿಗೇ ಬರೆದುಕೊಡುವಂತೆ ಗುಮಾಸ್ತರನ್ನು ಕೇಳಿ.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ಅಂದು ಶಾಲೆಗಳಲ್ಲಿ, ಸಂಘಗಳಲ್ಲಿ ಕಾರ್ಯಕ್ರಮ ಮಾಡುವವರು ಹೆಚ್ಚುತ್ತಿದ್ದಾರೆ. ಮಾಡುವುದಾದರೆ ಜುಲೈನಲ್ಲಿ ಮೊದಲ ಸಭೆ ಕರೆಯುವಾಗಲೇ ಕಿವುಡರು ಸಮಿತಿಯಲ್ಲಿರಲಿ, ಆ ಸಭೆಗೂ ದುಭಾಷಿ ಇರಲಿ, ಖರ್ಚಿನ ಪಟ್ಟಿಯಲ್ಲಿ ದುಭಾಷಿಯ ಸಂಭಾವನೆ ಶಾಮಿಯಾನಕ್ಕಿಂತ ಮೇಲಿರಲಿ. ಭಾಷಣಕ್ಕೆ ಕಿವುಡರನ್ನೇ ಕರೆಯಿರಿ. ಅವರು ಸನ್ನೆಯಲ್ಲಿ ಮಾತಾಡಲಿ, ದುಭಾಷಿ ಕನ್ನಡದಲ್ಲಿ ಹೇಳಲಿ, ಕಿವಿ ಕೇಳುವವರು ಕೂತು ಕೇಳಲಿ.